"ಇದು ಲೆಕ್ಕಕ್ಕೆ ಬರುತ್ತಾ ಮೇಡಂ?"

"ಎಕ್ಸ್‌ಪೀರಿಯನ್ಸ್ ಹಾಕಿಸಿಕೊಳ್ಳಲಾ ಮೇಡಂ?" ಎಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಕಡಿಮೆಯಾಗುತ್ತಲೇ ಇಲ್ಲ. ಮಾಡದ ಕೆಲಸಕ್ಕೆ ಅನುಭವ ಪತ್ರ, ಪೇಸ್ಲಿಪ್, ರಿಲೀವಿಂಗ್ ಲೆಟರ್ ದುಡ್ಡು ಕೊಟ್ಟು ಕೊಳ್ಳುವ ವ್ಯವಹಾರ ಇದು. ವರ್ಷಗಟ್ಟಲೆ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕೆಲಸ ಮಾಡಿದ ನಾನು ಈಗ ಕೆಲಸ ಹುಡುಕುವವರಿಗೆ ಸಲಹೆ ಕೊಡುತ್ತೇನೆ. ಬಂದವರಿಗೆಲ್ಲ ಒಂದೊಂದಾಗಿ ಹೇಳುವುದಕ್ಕಿಂತ ಒಂದು ಪ್ರಕರಣ ಬರೆಯುವುದು ಒಳ್ಳೆಯದು ಅನಿಸಿತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆ ಯುವಕ 2020ರಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದವರು. ಕೊರೊನಾ ಕಾಲ. ಕ್ಯಾಂಪಸ್‌ಗೆ ಬರಬೇಕಿದ್ದ ಕಂಪನಿಗಳು ಬರಲಿಲ್ಲ. ಅಪ್ಪನಿಗೆ ಹುಷಾರಿರಲಿಲ್ಲ, ಊರಲ್ಲೇ ಉಳಿದರು. 2023ರಲ್ಲಿ ಬೆಂಗಳೂರಿಗೆ ಬಂದು, ಪಿಜಿಯಲ್ಲಿದ್ದುಕೊಂಡು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರಿದರು. ಕೋರ್ಸ್ ಮುಗಿಯುತ್ತಿದ್ದ ಹಾಗೆ ಅಲ್ಲಿಯವರೇ ಮೂರು ವರ್ಷದ ಅನುಭವದ 'ಪ್ಯಾಕೇಜ್' ತೋರಿಸಿದರು. ಅರ್ಧ ದುಡ್ಡು ಈಗ, ಉಳಿದದ್ದು ಕೆಲಸ ಸಿಕ್ಕ ಮೇಲೆ. ಅಲ್ಲಿಯವರೆಗೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಹತ್ತಿರ. ಮೊದಲ ಕಂತಿಗೆ ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದರು. ಪತ್ರಗಳು ಕೈಗೆ ಬಂದಿದ್ದವು, ಇನ್ನೂ ಎಲ್ಲೂ ಕೊಟ್ಟಿರಲಿಲ್ಲ.

ಮೊದಲ ಭೇಟಿಯಲ್ಲಿ ಬೇಡ ಎಂದೆ. ಎರಡನೇ ಸಲ ಬಂದಾಗ ಸಿಟ್ಟಿನಲ್ಲೇ ಇದ್ದರು. "ನಿಜ ಬರೆದ್ರೆ ಫೋನೇ ಬರಲ್ಲ ಮೇಡಂ. ನನ್ನ ಜೊತೆ ಇದ್ದೋರೆಲ್ಲ ಹಾಕಿಸ್ಕೊಂಡು ಸೇರಿಬಿಟ್ರು. ಬೇಡ ಅನ್ನೋದು ನಿಮಗೆ ಸುಲಭ."

ಅವರ ಮಾತಿನಲ್ಲಿ ಸತ್ಯ ಇತ್ತು. ಜಾಬ್ ಪೋರ್ಟಲ್‌ನಲ್ಲಿ ನಾವು ಜನರನ್ನು ಹುಡುಕುವುದು ಫಿಲ್ಟರ್ ಹಾಕಿ. ಯಾವ ಸ್ಕಿಲ್, ಯಾವ ಊರು, ಎಷ್ಟು ವರ್ಷದ ಅನುಭವ, ನೋಟಿಸ್ ಪೀರಿಯಡ್ ಎಷ್ಟು. ಅನುಭವ ಎರಡರಿಂದ ನಾಲ್ಕು ವರ್ಷ ಎಂದು ಹಾಕಿದರೆ ಹೊಸಬರ ಹೆಸರು ಪರದೆಗೇ ಬರುವುದಿಲ್ಲ. ಇವರ ರೆಸ್ಯೂಮನ್ನು ಎಷ್ಟೋ ಕಡೆ ಯಾರೂ ಓದಿಯೇ ಇರಲಿಲ್ಲ. ಇದನ್ನು ಹೇಳಿದ ಮೇಲೆ ಸ್ವಲ್ಪ ಸಮಾಧಾನವಾದರು. ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಅಷ್ಟು ದಿನ ಕೊರಗಿದ್ದರು.

ಆಮೇಲೆ ಕೇಳಿದೆ, "ಯಾವತ್ತಾದ್ರೂ ಪಿಎಫ್ ಕಟ್ ಆಗಿತ್ತಾ?"

"ಇಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಊರಲ್ಲಿ ಮೊಬೈಲ್ ಶೋರೂಮ್‌ಗೆ ಹೋಗ್ತಿದ್ದೆ. ಅಲ್ಲಿ ಏನೋ ಹಿಡ್ಕೊಳ್ತಿದ್ರು" ಎಂದರು.

ಶೋರೂಮಿನ ಸುದ್ದಿ ರೆಸ್ಯೂಮ್‌ನಲ್ಲಿ ಇರಲಿಲ್ಲ, ಮೊದಲ ಭೇಟಿಯಲ್ಲೂ ಬಂದಿರಲಿಲ್ಲ. ಹಳೆಯ ಮೆಸೇಜ್‌ಗಳಲ್ಲಿ ಯುಎಎನ್ ನಂಬರ್, ಅಂದರೆ ಪಿಎಫ್ ಇರುವ ಪ್ರತಿ ನೌಕರರಿಗೂ ಕೊಡುವ ಗುರುತಿನ ಸಂಖ್ಯೆ, ಹುಡುಕಿಸಿದೆ. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದರು. ಹದಿನಾಲ್ಕು ತಿಂಗಳ ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ಇವರ ಪಾಲು 1,440, ಮಾಲೀಕರ ಪಾಲು 440, ಪಿಂಚಣಿಗೆ 1,000. ಸಂಬಳ ಹನ್ನೆರಡು ಸಾವಿರ. ಅದರ ಶೇ. 12ರಷ್ಟು ಇವರದು, ಅಷ್ಟೇ ಮಾಲೀಕರದು. ಮಾಲೀಕರು ಕಟ್ಟಿದ್ದರಲ್ಲಿ 1,000 ಪಿಂಚಣಿಗೆ ಹೋಗಿ, ಉಳಿದ 440 ಪಿಎಫ್‌ಗೆ ಸೇರುತ್ತಿತ್ತು. ಬಡ್ಡಿ ಬಿಟ್ಟೇ 26,320 ರೂಪಾಯಿ ಇವರ ಪಿಎಫ್ ಖಾತೆಯಲ್ಲಿ ಕೂತಿತ್ತು. ಅದು ತಮ್ಮದೇ ದುಡ್ಡು ಎಂದೂ ಅವರಿಗೆ ಗೊತ್ತಿರಲಿಲ್ಲ.

ಪರದೆ ನೋಡುತ್ತಲೇ ಕೇಳಿದರು, "ಇದು ಲೆಕ್ಕಕ್ಕೆ ಬರುತ್ತಾ ಮೇಡಂ?"

ಬರುತ್ತದೆ ಎಂದೆ. ಹೇಗೆ ಬರುತ್ತದೆ ಎಂದು ಬಿಡಿಸಿ ಹೇಳಿದೆ. ಕೊಂಡುಕೊಂಡ ಪತ್ರದ ಪ್ರಕಾರ ಇದೇ ತಿಂಗಳುಗಳಲ್ಲಿ ಇವರು ಬೆಂಗಳೂರಿನಲ್ಲಿ ಟೆಸ್ಟ್ ಎಂಜಿನಿಯರ್. ಪಾಸ್‌ಬುಕ್ ಪ್ರಕಾರ ಊರಿನ ಶೋರೂಮ್‌ನಲ್ಲಿ. 2014ರಲ್ಲಿ ಯುಎಎನ್ ಬಂದ ಮೇಲೆ ಎಷ್ಟು ಕಂಪನಿ ಬದಲಿಸಿದರೂ ನಂಬರ್ ಒಂದೇ. ಎಲ್ಲಿ ಸೇರಿದ್ದು, ಎಲ್ಲಿ ಬಿಟ್ಟದ್ದು ಎಲ್ಲ ಅದರಲ್ಲಿ ಇರುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು, ಅಂದರೆ ಕಂಪನಿಯ ಪರವಾಗಿ ನಮ್ಮ ಹಿಂದಿನ ಕೆಲಸದ ವಿವರ ನಿಜವೇ ಎಂದು ಪರಿಶೀಲಿಸುವವರು, ಇದನ್ನು ಕೇಳುತ್ತಾರೆ. ಕೆಲವರು ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ಕಡಿತದ ದಾಖಲೆ ಕೂಡ ಕೇಳುತ್ತಾರೆ. ಪತ್ರ ಮಾರುವವರೂ ಸುಮ್ನೆ ಕೂತಿಲ್ಲ. ಹೆಸರಿಗೊಂದು ಕಂಪನಿ ಮಾಡಿ ಪಿಎಫ್ ಸಹ ಕಟ್ಟಿ ತೋರಿಸುವವರಿದ್ದಾರೆ. ದೊಡ್ಡ ಕಂಪನಿಗಳು ಅಂಥ ಹೆಸರುಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಎಷ್ಟೋ ಸಲ ವೆರಿಫಿಕೇಶನ್ ಮುಗಿಯುವುದು ಕೆಲಸಕ್ಕೆ ಸೇರಿದ ಮೇಲೆ. ಅಷ್ಟರಲ್ಲಿ ಮನೆ ಅಡ್ವಾನ್ಸ್ ಕೊಟ್ಟಿರುತ್ತಾರೆ, ಊರಲ್ಲೆಲ್ಲ ಹೇಳಿಕೊಂಡಿರುತ್ತಾರೆ, ಕೆಲವರ ಮನೆಯಲ್ಲಿ ಹೆಣ್ಣು ನೋಡುವ ಮಾತೂ ಶುರುವಾಗಿರುತ್ತದೆ. ಆ ಹೊತ್ತಿಗೆ ಎಚ್‌ಆರ್ ಕರೆದು ಲ್ಯಾಪ್‌ಟಾಪ್ ವಾಪಸ್ ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಶೋರೂಮಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಏನಿಲ್ಲ, ಬಿಲ್ಲಿಂಗ್" ಎಂದರು. ಕೆದಕಿದಾಗ ಬೇರೆಯದೂ ಬಂತು. ರಾತ್ರಿ ಸ್ಟಾಕ್‌ಗೂ ಪ್ರತಿ ಫೋನಿಗಿರುವ ಐಎಂಇಐ ಎಂಬ ಗುರುತಿನ ನಂಬರ್‌ಗೂ ತಾಳೆ ನೋಡುವುದು. ಎಕ್ಸ್‌ಚೇಂಜ್ ಡಿಸ್ಕೌಂಟ್ ಕೊಟ್ಟ ಫೋನು ವಾಪಸ್ ಬಂದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಜಿಎಸ್‌ಟಿ ತಪ್ಪು ತೋರಿಸುತ್ತಿತ್ತಂತೆ. ಯಾವ ಬಟನ್ ಮೊದಲು, ಯಾವುದು ಆಮೇಲೆ ಒತ್ತಿದರೆ ತಪ್ಪು ಬರುತ್ತದೆ ಎಂದು ಇವರೇ ಕಂಡುಹಿಡಿದು, ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ ಸರಿ ಮಾಡಿಸಿದ್ದರು. ಟೆಸ್ಟಿಂಗ್ ಕೋರ್ಸ್‌ನಲ್ಲಿ ಹೇಳಿಕೊಟ್ಟಿದ್ದೂ ಇದನ್ನೇ ಅಲ್ವಾ?

"ಬಿಇ ಮಾಡಿ ಮೊಬೈಲ್ ಮಾರ್ತಿದ್ದೆ ಅಂತ ಹೇಗೆ ಬರೀಲಿ ಮೇಡಂ? ನೆಂಟರು ಅಂಗಡಿಗೆ ಬಂದ್ರೆ ಗೋಡೌನ್ ಒಳಗೆ ಹೋಗಿಬಿಡ್ತಿದ್ದೆ."

ಈ ಮಾತು ನನ್ನನ್ನು ಬಹಳ ಕಾಡಿತು. ಅಪ್ಪನ ಔಷಧಿಗೆ ದುಡಿದ ಹದಿನಾಲ್ಕು ತಿಂಗಳನ್ನು ಅಳಿಸಿಹಾಕಲು ಈ ಹುಡುಗ ಅಮ್ಮನಿಂದ ಸಾಲ ತೆಗೆಸಿ ದುಡ್ಡು ಕೊಟ್ಟಿದ್ದರು. ಖೋಟಾ ಪತ್ರದ ವ್ಯಾಪಾರ ನಡೆಯುವುದೇ ಈ ನಾಚಿಕೆಯ ಮೇಲೆ. ಅದನ್ನು ಕಲಿಸಿದವರು ನಾವು, ಮನೆಯವರು, ನೆಂಟರು, ಕಾಲೇಜಿನವರು.

ನಾನು ಕೊಟ್ಟ ಸಲಹೆ ಇಷ್ಟು. ಆ ಪತ್ರಗಳನ್ನು ಎಲ್ಲೂ ಕೊಡಬೇಡಿ. ಶೋರೂಮಿನ ಕೆಲಸವನ್ನು ಪಾಸ್‌ಬುಕ್‌ನಲ್ಲಿರುವ ತಿಂಗಳುಗಳ ಸಮೇತ ಬರೆಯಿರಿ. ಜಿಎಸ್‌ಟಿ ತಪ್ಪು ಹಿಡಿದ ಕಥೆ ಎರಡು ಸಾಲು ಇರಲಿ. ಉಳಿದ ಗ್ಯಾಪ್‌ಗೆ 'ತಂದೆಯ ಅನಾರೋಗ್ಯ' ಎಂಬ ಒಂದೇ ಸಾಲು ಸಾಕು, ಕ್ಷಮೆ ಕೇಳುವ ಧಾಟಿ ಬೇಡ. ಪೋರ್ಟಲ್‌ನಲ್ಲಿ ದಿನಾ ನೂರು ಕಡೆ ಒತ್ತುವುದು ಬಿಟ್ಟು, ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳ ಸಪೋರ್ಟ್ ವಿಭಾಗಕ್ಕೆ ನೇರವಾಗಿ ಬರೆಯಿರಿ. ಶೋರೂಮಿನಲ್ಲಿ ಬಳಸುತ್ತಿದ್ದ ಸಾಫ್ಟ್‌ವೇರ್‌ನವರಿಗೇ ಮೊದಲು. ಸಂಬಳ ಕಡಿಮೆ ಇರುತ್ತದೆ. ಅಮ್ಮ ತೆಗೆದ ಸಾಲ ಎಲ್ಲಿ ಹೋಯಿತು ಎಂದು ಅಮ್ಮನಿಗೆ ಹೇಳಿಬಿಡಿ.

ನೇಮಕಾತಿಯಲ್ಲೇ ಇರುವ ಕೆಲವು ಸ್ನೇಹಿತರು ಇದಕ್ಕೆ ಒಪ್ಪುವುದಿಲ್ಲ. "ಎಲ್ಲರೂ ಹಾಕಿಸ್ತಾರೆ, ಬಡವರ ಮನೆ ಹುಡುಗನಿಗೆ ಯಾಕೆ ಅಡ್ಡ ಬರ್ತೀರಿ" ಎನ್ನುತ್ತಾರೆ. ಬಡವರ ಮನೆ ಹುಡುಗ ಎಂದೇ ನಾನು ಜಾಸ್ತಿ ಒತ್ತಿ ಹೇಳುತ್ತೇನೆ. ಸಿಕ್ಕಿಬಿದ್ದರೆ ಇನ್ನೊಂದು ವರ್ಷ ಮನೆಯಲ್ಲಿ ಕೂರುವ ಶಕ್ತಿ ಅವನಿಗಿಲ್ಲ. ಸಿಕ್ಕಿಬೀಳದವರೂ ನನ್ನ ಹತ್ತಿರ ಬರುತ್ತಾರೆ. ಕಂಪನಿ ಬದಲಿಸಲು ಹೆದರಿಕೆ, ಪ್ರಮೋಷನ್ ಕೇಳಲು ಹೆದರಿಕೆ, ಎಚ್‌ಆರ್ ಮೇಲ್ ಬಂದರೆ ನಿದ್ದೆ ಇಲ್ಲ. ಹೊಸಬರು ಮಾಡಬಹುದಾದ ಕೆಲಸಕ್ಕೂ ಎರಡು ವರ್ಷದ ಅನುಭವ ಕೇಳುವ ಕಂಪನಿಗಳ ತಪ್ಪು ಇದರಲ್ಲಿ ಖಂಡಿತ ಇದೆ. ಅದನ್ನು ಅವರ ಮುಂದೆಯೂ ಹೇಳುತ್ತೇನೆ.

ಆ ಯುವಕನಿಗೆ ಕೆಲವು ತಿಂಗಳ ನಂತರ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯೊಂದರ ಸಪೋರ್ಟ್‌ನಲ್ಲಿ ಕೆಲಸ ಸಿಕ್ಕಿತು. ಪ್ಯಾಕೇಜ್ ಮಾರಿದವರು ಆಸೆ ತೋರಿಸಿದ ಸಂಬಳ ಅದಲ್ಲ, ಆ ಬೇಸರ ಅವರಿಗೆ ಇನ್ನೂ ಇದೆ. ಪಿಎಫ್ ದುಡ್ಡು ತೆಗೆದು ಅಮ್ಮನ ಸಾಲಕ್ಕೆ ಕಟ್ಟಿದರು. ದುಡ್ಡು ತೆಗೆದರೂ ಕೆಲಸ ಮಾಡಿದ ದಾಖಲೆ ಯುಎಎನ್‌ನಲ್ಲಿ ಉಳಿಯುತ್ತದೆ.

ಮಾರ್ಕ್ಸ್‌ಕಾರ್ಡ್ ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಬಾಕಿ ಕಟ್ಟಿದರೆ ಕೊಡುತ್ತೇವೆ ಎಂದು ಸತಾಯಿಸಿದರು. ಸೋದರಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ, ವಾಪಸ್ ಕೊಡಿ ಎಂದು ಬರೆದು ಕೊಟ್ಟು, ಇಲ್ಲದಿದ್ದರೆ ಪೊಲೀಸ್ ಠಾಣೆಗೆ ಹೋಗುತ್ತೇವೆ ಎಂದ ಮೇಲೆ ಕೊಟ್ಟರು. ಕಟ್ಟಿದ ದುಡ್ಡು ಬರಲಿಲ್ಲ. ಮಕ್ಕಳನ್ನು ಕೋರ್ಸ್‌ಗೆ ಸೇರಿಸುವ ಅಪ್ಪ ಅಮ್ಮಂದಿರು ಅಲ್ಲಿ ಜೆರಾಕ್ಸ್ ಮಾತ್ರ ಕೊಡಿ. ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಎಂದರೆ ಸೇರಿಸದೆ ಎದ್ದು ಬನ್ನಿ.