ಮೂವತ್ತು–ನಲವತ್ತು ಸೈಟಲ್ಲಿ ಎಷ್ಟು ಮನೆ? ಓದುಗರು ಕೇಳಿದ್ದಾರೆ

ಬೆಂಗಳೂರಿನ ವಲಯ ನಿಯಮಗಳನ್ನು, ಅಂದರೆ ಎಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನೋ ನಿಯಮಗಳನ್ನು, ಹೇಗೆ ಬದಲಿಸಿದರೆ ಊರು ಇನ್ನೊಂದು ಐವತ್ತು ವರ್ಷ ಬಾಳೀತು ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಬಂದವು. ಅರ್ಧಕ್ಕಿಂತ ಜಾಸ್ತಿ ಪಕ್ಕದ ಮನೆಯವರ ಮೇಲಿನ ದೂರು! ಅದರಲ್ಲಿ ತಪ್ಪೇನಿಲ್ಲ, ಈ ನಿಯಮಗಳಿರೋ ಮಾಸ್ಟರ್ ಪ್ಲಾನ್ ಅನ್ನೋದು ನಮಗೆ ಅರ್ಥವಾಗೋದೇ ಪಕ್ಕದ ಗೋಡೆ ಎದ್ದು ನಮ್ಮ ಅಡುಗೆಮನೆ ಕತ್ತಲಾದಾಗ.

ನಮ್ಮ ಬೀದಿಯೆಲ್ಲಾ 30x40 ಸೈಟುಗಳು. ಪಕ್ಕದವರು ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ನಾಲ್ಕು ಅಂತಸ್ತು ಎಬ್ಬಿಸಿ ಪಿ.ಜಿ. ಮಾಡಿದ್ದಾರೆ. ಕೇಳಿದರೆ "ಎಲ್ಲರೂ ಹೀಗೇ ಕಟ್ಟೋದು" ಅನ್ನುತ್ತಾರೆ. ನಿಯಮ ಏನು ಹೇಳುತ್ತೆ? ಹೊಸ ಪ್ಲಾನ್ ಬಂದರೆ ಇದೆಲ್ಲ ನಿಲ್ಲುತ್ತಾ?
– ಓದುಗರೊಬ್ಬರು, ವಿಜಯನಗರ

ಮೊದಲು ಲೆಕ್ಕ ಹಾಕೋಣ, ಸಿಟ್ಟು ಆಮೇಲೆ. ಬೆಂಗಳೂರು ಇವತ್ತಿಗೂ ನಡೆಯುತ್ತಿರೋದು 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನ್ ಮೇಲೆ. ಅದರ ಹೆಸರಲ್ಲೇ 2015 ಅಂತಿದೆ, ಅಂದರೆ ಅದರ ಆಯಸ್ಸು ಅಷ್ಟೇ ಅಂತ ಅದೇ ಹೇಳಿಕೊಂಡಿತ್ತು. ಅದರ ಪ್ರಕಾರ ಸಣ್ಣ ಸೈಟಿನಲ್ಲಿ ಶೇ. 75 ಜಾಗದಲ್ಲಿ ಕಟ್ಟಬಹುದು, ಎಫ್‌ಎಆರ್ 1.75. ಎಫ್‌ಎಆರ್ ಅಂದರೆ ಏನೂ ದೊಡ್ಡ ವಿದ್ಯೆ ಅಲ್ಲ, ಎಲ್ಲ ಅಂತಸ್ತು ಕೂಡಿಸಿದರೆ ಸೈಟಿನ ಅಳತೆಯ ಎಷ್ಟು ಪಟ್ಟು ಆಗಬಹುದು ಅನ್ನೋ ಮಿತಿ. ನಿಮ್ಮ ಪಕ್ಕದ ಸೈಟು 1,200 ಚದರಡಿ. ಗುಣಿಸಿದರೆ 2,100 ಚದರಡಿ. ಪಾರ್ಕಿಂಗ್ ಅಂತಸ್ತನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ, ಸರಿ. ಆದರೆ ಅವರು ಗೋಡೆಗೆ ಗೋಡೆ ತಾಗಿಸಿ ಒಂದೊಂದು ಅಂತಸ್ತಿಗೆ ಸುಮಾರು 1,100 ಚದರಡಿ ಅಂತ ನಾಲ್ಕು ಕಟ್ಟಿದ್ದರೆ ಅದು 4,400 ಆಯಿತು. ನಿಯಮದ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ!

ಇಲ್ಲಿ ಒಂದು ತಮಾಷೆ ನೋಡಿ. ಅಕ್ರಮ–ಸಕ್ರಮ ಯೋಜನೆ ಇತ್ತಲ್ಲ, ಮನೆಗಳಿಗೆ ಶೇ. 50ರಷ್ಟು ಉಲ್ಲಂಘನೆವರೆಗೆ ದಂಡ ಕಟ್ಟಿಸಿಕೊಂಡು ಬಿಟ್ಟುಬಿಡೋಣ ಅಂದಿದ್ದು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು. ಅದರಲ್ಲೂ ಇದು ಪಾಸಾಗೋದಿಲ್ಲ. 2,100ಕ್ಕೆ ಅರ್ಧ ಸೇರಿಸಿದರೆ 3,150 ಅಷ್ಟೇ.

ಇನ್ನು ಹೊಸ ಪ್ಲಾನ್ ಬಂದರೆ ನಿಲ್ಲುತ್ತಾ ಅಂತ ಕೇಳಿದಿರಿ. ಕಾಗದದಿಂದ ನಿಲ್ಲೋದಿಲ್ಲ. ನನ್ನ ಅನಿಸಿಕೆ ಕೆಲವರಿಗೆ ಕಹಿ ಆಗಬಹುದು. ಯಾರೂ ಪಾಲಿಸದ 1.75ನ್ನು ಹಿಡಿದು ಕೂರೋದಕ್ಕಿಂತ, ಪಾಲಿಸಬಹುದಾದ ಒಂದು ಅಂಕಿ ಇಟ್ಟು ಅದನ್ನು ದಾಟಿದವರನ್ನು ತಳಪಾಯದ ಹಂತದಲ್ಲೇ ನಿಲ್ಲಿಸೋದು ಮೇಲು. ಈಗ ಏನಾಗುತ್ತೆ? ನಿಯಮ ಬಿಗಿ, ಉಸ್ತುವಾರಿ ಸಡಿಲ. ಮೇಸ್ತ್ರಿಗೆ ಎರಡು ಪ್ಲಾನ್ ಇರುತ್ತೆ, ಆಫೀಸಿಗೆ ತೋರಿಸೋದು ಒಂದು, ಗುದ್ದಲಿ ಹಿಡಿಯೋದು ಇನ್ನೊಂದು. ನಾನೂ ಮನೆ ಕಟ್ಟಿಸುವಾಗ ನಮ್ಮ ಮೇಸ್ತ್ರಿ ಮೊದಲ ದಿನವೇ "ಸಾರ್, ಯಾವ ಪ್ಲಾನ್ ಪ್ರಕಾರ ಗುರುತು ಹಾಕ್ಲಿ?" ಅಂತ ಕೇಳಿದ್ದ. ಪಾಪ, ಅವನಿಗೆ ಅದು ತಪ್ಪು ಅಂತಾನೇ ಗೊತ್ತಿರಲಿಲ್ಲ.

ಅಂದಮೇಲೆ ಎಷ್ಟು ಕೊಟ್ಟರೂ ಜನ ದಾಟುತ್ತಾರೆ ಅಂತೀರಾ? ದಾಟುತ್ತಾರೆ, ಕೆಲವರು. ಆದರೆ ಪಿ.ಜಿ.ಯಲ್ಲಿ ಇರೋ ಹುಡುಗ ಹುಡುಗಿಯರೂ ಎಲ್ಲಾದರೂ ಇರಬೇಕಲ್ವಾ. ಆಫೀಸು ಹತ್ತಿರ ಬಾಡಿಗೆ ಮನೆ ಕಟ್ಟೋದಕ್ಕೆ ನಿಯಮವೇ ಜಾಗ ಕೊಡದಿದ್ದರೆ ಅದು ಅಕ್ರಮವಾಗಿ ಹುಟ್ಟುತ್ತೆ, ಗಾಳಿ ಬೆಳಕು ಇಲ್ಲದೆ, ಬೆಂಕಿ ಬಿದ್ದರೆ ಇಳಿಯೋಕೆ ಇನ್ನೊಂದು ಮೆಟ್ಟಿಲೂ ಇಲ್ಲದೆ.

ಮನೆ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಇಬ್ಬರು ಹೆಂಗಸರು ಕೆಲಸಕ್ಕಿದ್ದಾರೆ. ವಸತಿ ಏರಿಯಾದಲ್ಲಿ ಇದು ತಪ್ಪು ಅಂತ ಯಾರೋ ಹೆದರಿಸಿದರು.
– ಓದುಗಿ, ಹನುಮಂತನಗರ

ಹೆದರಬೇಡಿ ತಾಯಿ. ಅದೇ 2007ರ ನಿಯಮದಲ್ಲಿ ವಾಸದ ಮನೆಯೊಳಗೆ ಸಣ್ಣ ಉಪಕಸುಬಿಗೆ ಜಾಗ ಇದೆ, ಕಟ್ಟಡದ ಶೇ. 20 ಅಥವಾ 50 ಚದರ ಮೀಟರ್, ಯಾವುದು ಜಾಸ್ತಿಯೋ ಅಷ್ಟು. ಆಮೇಲೆ ಕೋರ್ಟು, ತಿದ್ದುಪಡಿ ಎಲ್ಲ ಬಂದು ಕಿರಿದಾದ ವಸತಿ ರಸ್ತೆಗಳಲ್ಲಿ ಅಂಗಡಿ ಮುಂಗಟ್ಟಿಗೆ ರಸ್ತೆ ಅಗಲದ ಷರತ್ತು ಬಿತ್ತು. ನಿಮ್ಮದು ಯಾವ ಸಾಲಿಗೆ ಬರುತ್ತೆ ಅಂತ ವಾರ್ಡ್ ಕಚೇರಿಯಲ್ಲಿ ಬರಹದಲ್ಲೇ ಕೇಳಿ, ಬಾಯಿಮಾತಿನ ಉತ್ತರ ನಂಬಬೇಡಿ.

ನನ್ನ ಕೇಳಿದರೆ ಹೊಸ ನಿಯಮದಲ್ಲಿ ಇಂಥದ್ದಕ್ಕೆ ಇನ್ನೂ ಧಾರಾಳವಾಗಿ ಅವಕಾಶ ಇರಬೇಕು. ಸೊಪ್ಪು, ಹಾಲು, ಟೈಲರ್, ಸೈಕಲ್ ಪಂಕ್ಚರ್, ಇಷ್ಟು ನಡೆದು ಹೋಗೋ ದೂರದಲ್ಲಿ ಸಿಕ್ಕರೆ ಅಷ್ಟು ಗಾಡಿ ರಸ್ತೆಗೆ ಇಳಿಯೋದಿಲ್ಲ. ಇದಕ್ಕಿಂತ ಅಗ್ಗದ ಪರಿಸರ ಕಾರ್ಯಕ್ರಮ ನನಗಂತೂ ಗೊತ್ತಿಲ್ಲ. ಆದರೆ ಬ್ಲೌಸ್ ಹೊಲಿಯೋದಕ್ಕೂ ರಾತ್ರಿ ಒಂದು ಗಂಟೆವರೆಗೆ ನಡೆಯೋ ಪಬ್ಬಿಗೂ ಒಂದೇ "ವಾಣಿಜ್ಯ" ಅನ್ನೋ ಹಣೆಪಟ್ಟಿ ಹಚ್ಚಬಾರದು. ಸದ್ದು, ಹೊಗೆ, ಬರೋಹೋಗೋ ಗಾಡಿ ಎಷ್ಟು ಅಂತ ನೋಡಿ ವಿಂಗಡಿಸಬೇಕು. ಕಾರ್ಖಾನೆ ಹೊಗೆಯಿಂದ ಮನೆಗಳನ್ನು ದೂರ ಇಡೋಕೆ ಹುಟ್ಟಿದ ಯೋಚನೆ ಈ ವಲಯ ನಿಯಮ, ಕಾಕಾ ಅಂಗಡಿಯಿಂದ ದೂರ ಇಡೋಕಲ್ಲ.

ಪ್ರತಿ ಮನೆಗೂ ಕಾರ್ ಪಾರ್ಕಿಂಗ್ ಕಡ್ಡಾಯ ಮಾಡಿ, ಎರಡು ಕಾರಿಗೆ ಜಾಗ ಬಿಡದಿದ್ದರೆ ಲೈಸೆನ್ಸ್ ಕೊಡಬೇಡಿ. ಆಗ ರಸ್ತೆ ಖಾಲಿಯಾಗುತ್ತೆ. ಸರಿ ತಾನೆ?
– ಓದುಗರು, ಆರ್.ಟಿ. ನಗರ

ಇಲ್ಲ ಸ್ವಾಮಿ, ಇದನ್ನು ಒಪ್ಪೋದಿಲ್ಲ. ಒಂದು ಕಾರು ನಿಲ್ಲಲು ಸುಮಾರು 150 ಚದರಡಿ ಬೇಕು, ತಿರುಗಿಸೋ ಜಾಗ ಬೇರೆ. ಅಷ್ಟರಲ್ಲಿ ಒಂದು ರೂಮು ಆಗುತ್ತೆ. ಕಾರೇ ಇಲ್ಲದ ಬಾಡಿಗೆದಾರನೂ ಆ ಜಾಗದ ಖರ್ಚನ್ನು ಬಾಡಿಗೆಯಲ್ಲಿ ಕಟ್ಟುತ್ತಾನೆ. ಇಷ್ಟಾಗಿ ನಮ್ಮೂರಲ್ಲಿ ಆ ಪಾರ್ಕಿಂಗ್ ಜಾಗ ಏನಾಗುತ್ತೆ? ಒಸಿ (ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ) ಬಂದ ಮರುವಾರ ರೋಲಿಂಗ್ ಶಟರ್ ಹಾಕಿ ಅಂಗಡಿ, ಇಲ್ಲವೇ ವಾಚ್‌ಮನ್ ಸಂಸಾರ. ಕಾರು ಮತ್ತೆ ಬೀದಿಗೆ.

ಅಮೆರಿಕದ ಬಫಲೋ ನಗರ 2017ರಲ್ಲೇ ಕನಿಷ್ಠ ಪಾರ್ಕಿಂಗ್ ಷರತ್ತನ್ನು ತೆಗೆದುಹಾಕಿತು. ನಾವೂ ಅದನ್ನೇ ಕಣ್ಣು ಮುಚ್ಚಿ ಮಾಡಬೇಕಿಲ್ಲ. ಮೆಟ್ರೋ ಸ್ಟೇಷನ್ ಸುತ್ತ ಷರತ್ತು ತೆಗೆಯಿರಿ, ಬೀದಿಯಲ್ಲಿ ನಿಲ್ಲಿಸೋ ಕಾರಿಗೆ ದುಡ್ಡು ಹಾಕಿ. ಎರಡನೆಯದನ್ನು ಮಾಡದೆ ಮೊದಲನೆಯದನ್ನು ಮಾತ್ರ ಮಾಡಿದರೆ ನೀವು ನನ್ನನ್ನು ಬೈತೀರಿ, ಬೈಯಬೇಕು ಕೂಡ.

ರಾಜಕಾಲುವೆ ಹತ್ತಿರ ಸೈಟು ನೋಡಿದ್ದೇವೆ. ಒಬ್ಬರು 75 ಮೀಟರ್ ಬಿಡಬೇಕು ಅಂತಾರೆ, ಇನ್ನೊಬ್ಬರು 15 ಸಾಕು ಅಂತಾರೆ. ಬ್ರೋಕರ್ ಅಂತೂ ಏನೂ ಬೇಡ ಅಂತಾನೆ!
– ದಂಪತಿ, ಹೊರಮಾವು

ಬ್ರೋಕರ್ ಮಾತು ಬಿಡಿ. ಮಿಕ್ಕ ಇಬ್ಬರೂ ಯಾವುದೋ ಒಂದು ಕಾಲದ ಸತ್ಯ ಹೇಳುತ್ತಿದ್ದಾರೆ. 2016ರ ಮೇನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ಅವುಗಳ ಗಾತ್ರ ನೋಡಿ 50, 35, 25 ಮೀಟರ್ ಬಿಡಬೇಕು ಅಂತ ಆದೇಶ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನಿನಲ್ಲಿ ಏನಿದೆಯೋ ಅದನ್ನು ನ್ಯಾಯಮಂಡಳಿ ಬದಲಿಸೋ ಹಾಗಿಲ್ಲ ಅನ್ನೋದು ಕಾರಣ. ಹಾಗಾಗಿ ಮತ್ತೆ 2007ರ ಪ್ಲಾನಿಗೇ ಬಂದೆವು. ಅದರಲ್ಲಿ ಕೆರೆಗೆ 30 ಮೀಟರ್, ಕಾಲುವೆಗೆ ಅದರ ನಡುವಿನಿಂದ ಅಳೆದು 50, 25, 15. ನಿಮ್ಮ ಪಕ್ಕದ್ದು ದೊಡ್ಡ ಕಾಲುವೆಯೋ ಸಣ್ಣದೋ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಕೆಲಸಕ್ಕೆ ಬರೋ ಮಾತು: ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ನೋಡಿ, ಸರ್ವೆ ನಂಬರ್ ಬರುತ್ತೆ. ಅದನ್ನು ಹಿಡಿದು ಹಳೇ ಗ್ರಾಮ ನಕ್ಷೆ ತೆಗೆಸಿ. ಈಗ ಕಣ್ಣಿಗೆ ಚರಂಡಿಯೂ ಕಾಣದ ಜಾಗದಲ್ಲಿ ನಕ್ಷೆಯಲ್ಲಿ ಹಳ್ಳ ಇರಬಹುದು, ಬಿ ಖರಾಬು, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅಂತ ಬರೆದಿರಬಹುದು. ಇದ್ದರೆ ಅಡ್ವಾನ್ಸ್ ವಾಪಸ್ ಕೇಳಿ.

ಹೊಸ ನಿಯಮದಲ್ಲಿ ನಾನು ಜಗಳಕ್ಕೆ ನಿಲ್ಲೋದು ಇದಕ್ಕೆ ಮಾತ್ರ. ಎಫ್‌ಎಆರ್ ಸ್ವಲ್ಪ ಹೆಚ್ಚು ಕಡಿಮೆ ಆಗಲಿ, ನೀರಿನ ದಾರಿ ಕಡಿಮೆ ಆಗಬಾರದು. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ಕೋಡಿಯಿಂದ ಕಟ್ಟಿದ ಸರಪಳಿ. ಮೇಲಿನದು ತುಂಬಿದರೆ ಕೋಡಿ ಹರಿದು ಕೆಳಗಿನದಕ್ಕೆ. ನಡುವಿನ ಕೊಂಡಿಯ ಮೇಲೆ ಮನೆ ಕಟ್ಟಿದರೆ ನೀರು ಕೋರ್ಟಿಗೆ ಹೋಗೋದಿಲ್ಲ, ಮನೆಯೊಳಗೆ ಬರುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಕಡೆಯ ಟೆಕ್ಕಿಗಳು ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಟಿ.ವಿ.ಯಲ್ಲಿ ನೋಡಿದ್ದೀರಲ್ಲ.

ಮೆಟ್ರೋ ಪಕ್ಕ ಗಗನಚುಂಬಿ ಕಟ್ಟಿದರೆ ಅದು ಸುಸ್ಥಿರ ಅಭಿವೃದ್ಧಿಯಂತೆ. ಕುಡಿಯೋಕೆ ನೀರಿಲ್ಲ, ಯಾರ ಕಿವಿಗೆ ಹೂವು?
– ಕಾಲೇಜು ವಿದ್ಯಾರ್ಥಿ, ಬೊಮ್ಮಸಂದ್ರ

ನಿಮ್ಮೂರಿಗೆ ಹಳದಿ ಮಾರ್ಗ ಬಂದದ್ದು 2025ರ ಆಗಸ್ಟ್‌ನಲ್ಲಿ, ಆದ್ದರಿಂದ ನಿಮ್ಮ ಪ್ರಶ್ನೆ ಬಿಸಿಬಿಸಿ ಇದೆ. ಅರ್ಧ ಒಪ್ಪುತ್ತೇನೆ. ಸ್ಟೇಷನ್ ಹತ್ತಿರ ಹೆಚ್ಚು ಜನ ಇದ್ದರೆ ರೈಲು ತುಂಬುತ್ತೆ, ಊರು ಆನೇಕಲ್ ದಾಟಿ ಹೊಲಗಳ ಮೇಲೆ ಹಬ್ಬೋದು ನಿಧಾನವಾಗುತ್ತೆ. 2007ರ ನಿಯಮದಲ್ಲೇ ಮೆಟ್ರೋ ಸ್ಟೇಷನ್ನಿನ 150 ಮೀಟರ್ ಒಳಗೆ ಎಫ್‌ಎಆರ್ 4 ಅಂತ ಬರೆದಿದ್ದರು. ಯೋಚನೆ ಸರಿ ಇತ್ತು. ಎಡವಟ್ಟಾಗೋದು ಎಲ್ಲಿ ಅಂದರೆ, ಹೆಚ್ಚುವರಿ ಎಫ್‌ಎಆರ್ ದುಡ್ಡಿಗೆ ಮಾರೋ ಸರಕಾದಾಗ. ದುಡ್ಡು ಖಜಾನೆಗೆ ಹೋಗುತ್ತೆ, ಆ ಬೀದಿಯ ಒಳಚರಂಡಿ ಪೈಪು ಮಾತ್ರ ಹಳೇ ಆರು ಇಂಚಿನದ್ದೇ. ವಸೂಲಾದ ದುಡ್ಡು ಅದೇ ವಾರ್ಡಿನ ಪೈಪು, ಫುಟ್‌ಪಾತ್‌ಗೆ ಹೋಗಬೇಕು ಅಂತ ನಿಯಮದೊಳಗೇ ಬರೆದರೆ ಮಾತ್ರ ನಾನು ಎತ್ತರದ ಕಟ್ಟಡದ ಪರ.

ನೀರಿನ ಮಾತಿಗೆ ಒಂದು ಲೆಕ್ಕ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 30x40 ಸೈಟಿನ ಮೇಲೆ ಬೀಳೋದು ಲಕ್ಷ ಲೀಟರ್‌ಗಿಂತ ಜಾಸ್ತಿ, ಅಂದರೆ 6,000 ಲೀಟರಿನ ಟ್ಯಾಂಕರ್ ಹದಿನೆಂಟು. ಅಷ್ಟೂ ಹಿಡಿಯೋಕಾಗಲ್ಲ, ಗೊತ್ತು. ಅರ್ಧ ಹಿಡಿದರೂ ಒಂಬತ್ತು ಟ್ಯಾಂಕರ್. ಮಳೆಕೊಯ್ಲು 2009ರಿಂದಲೇ ಕಡ್ಡಾಯ, ಆದರೆ ಎಷ್ಟೋ ಮನೆಗಳಲ್ಲಿ ಅದು ಪೈಪಿನ ಕೆಳಗಿಟ್ಟ ಒಂದು ನೀಲಿ ಡ್ರಮ್ಮು.

ಮನೆ ಮುಂದೆ ಮಣ್ಣು ಬಿಟ್ಟರೆ ಕೆಸರು, ಹಾವು. ಪೂರ್ತಿ ಟೈಲ್ಸ್ ಹಾಕಿಸಿದರೆ ತಪ್ಪೇನು?
– ಗೃಹಿಣಿ, ಕೆಂಗೇರಿ

ತಪ್ಪು. ಸೆಟ್‌ಬ್ಯಾಕ್ ಅಂದರೆ ಸೈಟಿನ ಅಂಚಿಗೂ ಗೋಡೆಗೂ ನಡುವಿನ ಖಾಲಿ ಜಾಗ, ಅದನ್ನು ಬಿಡಿಸೋದು ಗಾಳಿಗೆ ಮಾತ್ರ ಅಲ್ಲ, ನೀರು ಇಂಗೋಕೂ ಹೌದು. ಗೇಟಿನಿಂದ ಬಾಗಿಲವರೆಗೆ ಎರಡು ಸಾಲು ಚಪ್ಪಡಿ ಹಾಕಿಸಿ, ಮಿಕ್ಕಿದ್ದಕ್ಕೆ ಜಲ್ಲಿ ಸುರಿಸಿ, ಒಂದು ದಾಸವಾಳ ನೆಡಿ. ಕೆಂಗೇರಿ ಹಾವಿನ ಜವಾಬ್ದಾರಿ ನನ್ನದಲ್ಲ.

ಎಲ್ಲಾ ಬೆಂಗಳೂರಿನ ಕತೆಯೇ ಆಯಿತು. ಹುಬ್ಬಳ್ಳಿಯವರು ಏನ್ ಮಾಡ್ಬೇಕ್ರಿ? ಮತ್ತ ಪ್ಲಾನಿನ ಕರಡಿಗೆ ಆಕ್ಷೇಪಣೆ ಅಂದ್ರ ಹೆಂಗ ಬರೀಬೇಕು?
– ಓದುಗರು, ಹುಬ್ಬಳ್ಳಿ

ನಿಮ್ಮ ಸಿಟ್ಟು ಬರೋಬ್ಬರಿ ಐತ್ರಿ. ಕಾಯ್ದೆ ಎಲ್ಲರಿಗೂ ಒಂದೇ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಆದರೆ ಪ್ಲಾನ್ ಮತ್ತು ವಲಯ ನಿಯಮ ಊರೂರಿಗೆ ಬೇರೆ, ನಿಮ್ಮದನ್ನು ಹುಬ್ಬಳ್ಳಿ–ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಕೇಳಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಕಾಯ್ದೆಯೇ ಹೇಳುತ್ತೆ. ಬೆಂಗಳೂರಿಗೆ 2031ರ ಕರಡು 2017ರ ಕೊನೆಗೆ ಬಂತು, ಜನ ಆಕ್ಷೇಪಣೆ ಬರೆದರು, ಆಮೇಲೆ ಸರ್ಕಾರ ಆ ಕರಡನ್ನೇ ಹಿಂದಕ್ಕೆ ಪಡೆಯಿತು. ಬರೆದವರ ಕೈಯಲ್ಲಿ ಸ್ವೀಕೃತಿ ಚೀಟಿ ಮಾತ್ರ ಉಳಿಯಿತು. ಅವರಲ್ಲಿ ನಾನೂ ಒಬ್ಬ.

ಬರೆಯೋದು ಹೇಗೆ ಅಂದರೆ, "ನಗರ ಹಸಿರಾಗಲಿ" ಅಂತ ಬರೆದರೆ ಯಾರೂ ಓದೋದಿಲ್ಲ. ನಿಮ್ಮ ಬೀದಿ, ಸರ್ವೆ ನಂಬರ್, ಕರಡು ನಕ್ಷೆಯಲ್ಲಿ ಅಲ್ಲಿ ಯಾವ ಬಣ್ಣ ಹಚ್ಚಿದ್ದಾರೆ, ನೆಲದ ಮೇಲೆ ನಿಜವಾಗಿ ಏನಿದೆ, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ಹಸಿರು ಅಂದರೆ ಪಾರ್ಕು. ನಿಮ್ಮೂರಿನ ಯಾವುದಾದರೂ ಕೆರೆಯಂಗಳಕ್ಕೆ ಹಳದಿ ಬಳಿದಿದ್ದರೆ ಒಂದು ಫೋಟೋ ಅಂಟಿಸಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡ್ರಿ, ಸೀಲು ಇರೋ ಡ್ರಾಯರ್‌ಗೆ ಬೀಗ ಹಾಕಿರತಾರ.