ಗಂಧೆಯ ಜೊತೆಗೆ ಕೆಟ್ಟ ನಿದ್ದೆಯನ್ನೂ ಡಾಕ್ಟರಿಗೆ ಹೇಳಿ

ಪ್ರಶ್ನೆ: ಎಂಟು ತಿಂಗಳಿಂದ ಸಂಜೆಯಾದರೆ ಮೈತುಂಬ ಪಿತ್ತದ ಗಂಧೆ. ಬೆಳಗ್ಗೆ ಡಾಕ್ಟರ ಬಳಿ ಹೋಗುವಷ್ಟರಲ್ಲಿ ಮಾಯ. ನಿದ್ದೆಯಿಲ್ಲ, ಕೆಲಸದಲ್ಲಿ ಗಮನವಿಲ್ಲ. ಬದನೆಕಾಯಿ, ಮೊಟ್ಟೆ, ಕಡಲೆಕಾಯಿ ಬಿಟ್ಟರೂ ಕಡಿಮೆಯಾಗಿಲ್ಲ. ಮನೆಯವರು ‘ಬರೀ ತುರಿಕೆ ತಾನೆ’ ಅನ್ನುತ್ತಾರೆ.

ಉತ್ತರ: ಬರೀ ತುರಿಕೆಯಲ್ಲ. 6 ವಾರ ದಾಟಿದ ಗಂಧೆ ನಿದ್ದೆ, ದುಡಿಮೆ, ಮನಸ್ಸು ಮೂರನ್ನೂ ಕೆಡಿಸುತ್ತದೆ. ಅದನ್ನು ಅಳೆದು ತೋರಿಸಬಹುದು. ಒಂದು ವಾರ ದಿನಕ್ಕೆರಡು ಅಂಕ ಬರೆದಿಡಿ, ಗಂಧೆಗೊಂದು, ತುರಿಕೆಗೊಂದು. ಗಂಧೆ ಇಲ್ಲದಿದ್ದರೆ 0, ದಿನಕ್ಕೆ ಎದ್ದ ಗಂಧೆ 20ಕ್ಕಿಂತ ಕಡಿಮೆಯಿದ್ದರೆ 1, 50ರವರೆಗೆ 2, ಮೀರಿದರೆ 3. ತುರಿಕೆಗೂ ಹಾಗೆಯೇ 0ಯಿಂದ 3, ನಿದ್ದೆಗೆಡಿಸಿದರೆ 3. ವಾರದ ಗರಿಷ್ಠ 42. ಗಂಧೆ ಎದ್ದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಹೆಚ್ಚಿನವರು ಎಡವುವುದು ಮಾತ್ರೆಯಲ್ಲಿ. ತುರಿಸಿದಾಗ ಮಾತ್ರ ನುಂಗಿದರೆ ಹಿಡಿತಕ್ಕೆ ಬರುವುದಿಲ್ಲ. ಮಂಪರು ಬರಿಸದ ಹೊಸ ಆಂಟಿಹಿಸ್ಟಮಿನ್ (ಅಲರ್ಜಿ ತಡೆಯುವ ಮಾತ್ರೆ) ದಿನವೂ ಬೇಕು. ಸಾಲದಿದ್ದರೆ ಚರ್ಮವೈದ್ಯರು ನಾಲ್ಕು ಪಟ್ಟಿನವರೆಗೆ ಏರಿಸಬಲ್ಲರು, ನೀವಾಗಿ ಏರಿಸಬೇಡಿ. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಚುಚ್ಚುಮದ್ದು, ಸಾಮಾನ್ಯವಾಗಿ 4 ವಾರಕ್ಕೊಮ್ಮೆ 300 ಮಿ.ಗ್ರಾಂ, ದುಬಾರಿ, ಖರ್ಚು ಮೊದಲೇ ಕೇಳಿಕೊಳ್ಳಿ.

ಬದನೆಕಾಯಿ ತಿನ್ನಿ. ದಿನಾ ಏಳುವ ಗಂಧೆಗೆ ಆಹಾರ ಕಾರಣವಾಗುವುದು ತೀರ ಅಪರೂಪ; ಪಥ್ಯದಿಂದ ಊಟದ ಸುಖವೂ ಹೋಗುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಬಿಗಿ ಸೊಂಟಪಟ್ಟಿ, ಬಿಸಿನೀರು ಕೆಲವರಿಗೆ ಕೆರಳಿಸುತ್ತವೆ, ಗಮನಿಸಿ.

ಒಂದೇ ಗಂಧೆ 24 ಗಂಟೆ ಮೀರಿ ಉಳಿದು ಉರಿದರೆ, ಕಲೆ ಬಿಟ್ಟರೆ ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಬೇಕಾಗಬಹುದು. ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.