ಎಸೆಕ್ಸ್ ಕರಾವಳಿಯ ಕಿತ್ತಳೆ ಪತಂಗ: ಫಿಶರ್ಸ್ ಎಸ್ಚುವರೈನ್ ಎಂದು ಗುರುತಿಸುವುದು ಹೇಗೆ?

ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ವಾಲ್ಟನ್ ಊರಿನ ಸಮೀಪದ ಸಮುದ್ರದ ಒಡ್ಡಿನ ಮೇಲೆ ಕಂಡ ಕಿತ್ತಳೆ ಬಣ್ಣದ ಪತಂಗವು ಅಪರೂಪದ ಫಿಶರ್ಸ್ ಎಸ್ಚುವರೈನ್ ಪತಂಗವೇ, ಅದರ ಜೀವನಚಕ್ರ ಹೇಗಿರುತ್ತದೆ ಎಂದು ಕೇಳಿದ್ದೀರಿ. ಆಗಿರುವ ಸಾಧ್ಯತೆ ಖಂಡಿತ ಇದೆ. ಆದರೆ ರೆಕ್ಕೆ ನೋಡುವ ಮೊದಲು ಸುತ್ತಲಿನ ಗಿಡವನ್ನು ನೋಡಿ ಎನ್ನುತ್ತೇನೆ.

ಈ ಪತಂಗದ ಮರಿ ತಿನ್ನುವುದು ಹಾಗ್ಸ್ ಫೆನೆಲ್ ಎಂಬ ಒಂದೇ ಗಿಡವನ್ನು. ಜೀರಿಗೆ, ಕೊತ್ತಂಬರಿಯ ಕುಟುಂಬದ ಈ ಗಿಡ ದೂರದಿಂದ ಒರಟಾಗಿ ಬೆಳೆದ ಸಬ್ಬಸಿಗೆಯಂತೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಅದು ಎಸೆಕ್ಸ್ ಮತ್ತು ಕೆಂಟ್ ಕರಾವಳಿಯ ಕೆಲವೇ ಜಾಗಗಳಲ್ಲಿ, ಉಪ್ಪು ಜವುಗಿನ ಅಂಚಿನಲ್ಲಿ ಉಳಿದಿದೆ. 1968ರಲ್ಲಿ ಬೆನ್ ಫಿಶರ್ ಅವರು ಈ ಪತಂಗವನ್ನು ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಗುರುತಿಸಿದ್ದೂ ನಿಮ್ಮ ಪಕ್ಕದ ಹ್ಯಾಮ್‌ಫರ್ಡ್ ವಾಟರ್ ಪ್ರದೇಶದಲ್ಲೇ.

ಗೊಂದಲವಾಗುವುದು ಫ್ರಾಸ್ಟೆಡ್ ಆರೆಂಜ್ ಎಂಬ ಸಾಮಾನ್ಯ ಪತಂಗದೊಡನೆ. ಎರಡೂ ಅದೇ ಋತುವಿನಲ್ಲಿ ಹಾರುತ್ತವೆ, ಎರಡರ ಬಣ್ಣವೂ ಕಿತ್ತಳೆ. ಫಿಶರ್ಸ್ ಎದ್ದು ಕಾಣುವಷ್ಟು ದೊಡ್ಡದು, ಮುಂದಿನ ರೆಕ್ಕೆಯ ಬಿಳಿಯ ಮಚ್ಚೆಗಳೂ ಅದರಲ್ಲಿ ಢಾಳಾಗಿರುತ್ತವೆ. ಫ್ರಾಸ್ಟೆಡ್ ಆರೆಂಜಿನ ಮರಿಗೆ ಮುಳ್ಳುಗಿಡ ಥಿಸಲ್ ಸಿಕ್ಕರೂ ಸಾಕಾದ್ದರಿಂದ ಅದು ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು.

ಫಿಶರ್ಸ್ ಹೆಣ್ಣು ಮೊಟ್ಟೆಯಿಡುವ ರೀತಿ ನನಗೆ ಬಹಳ ಕುತೂಹಲದ್ದು. ಮರಿಯ ಆಹಾರ ಹಾಗ್ಸ್ ಫೆನೆಲ್ ಆದರೂ, ಮೊಟ್ಟೆಗಳನ್ನು ಅದು ಪಕ್ಕದ ಒರಟು ಹುಲ್ಲಿನ ಎಲೆಕವಚದ (ಕಾಂಡವನ್ನು ಸುತ್ತಿಕೊಂಡ ಎಲೆಯ ಬುಡದ) ಸಂದಿನಲ್ಲಿ ಸೇರಿಸುತ್ತದೆ. ನಮ್ಮ ರಾಗಿ, ಜೋಳವನ್ನು ಕಾಡುವ ಗುಲಾಬಿ ಬಣ್ಣದ ಕಾಂಡಕೊರಕ ಹುಳವೂ ಈ ಪತಂಗದ ಕುಟುಂಬದ್ದೇ, ಅದೂ ಮೊಟ್ಟೆಯನ್ನು ಎಲೆಕವಚದೊಳಗೇ ಅಡಗಿಸುತ್ತದೆ ಎಂಬುದು ಹೊಲ ಕಂಡವರಿಗೆ ಗೊತ್ತಿರುತ್ತದೆ. ಚಳಿಗಾಲವಿಡೀ ಹುಲ್ಲಿನಲ್ಲೇ ಕಳೆದ ಮೊಟ್ಟೆಗಳು ಏಪ್ರಿಲ್–ಮೇ ಹೊತ್ತಿಗೆ ಒಡೆಯುತ್ತವೆ; ಮರಿಗಳು ಗಿಡಕ್ಕೆ ಹತ್ತಿ, ಮೊದಲು ಕಾಂಡವನ್ನು ಕೊರೆದು, ಆಮೇಲೆ ಬೇರಿಗೆ ಇಳಿಯುತ್ತವೆ. ಬೇಸಿಗೆಯ ಕೊನೆಗೆ ಬೇರಿನ ಬಳಿಯೇ ಕೋಶಾವಸ್ಥೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪತಂಗ.

ಆದ್ದರಿಂದ ಹಾಗ್ಸ್ ಫೆನೆಲ್ ಉಳಿಸಿ ಹುಲ್ಲು ಕತ್ತರಿಸಿದರೆ ಪ್ರಯೋಜನವಿಲ್ಲ. ಒಡ್ಡನ್ನು ಶರತ್ಕಾಲದಲ್ಲಿ ಅಚ್ಚುಕಟ್ಟಾಗಿ ಬೋಳಿಸಿದರೆ, ಮುಂದಿನ ವರ್ಷದ ಪೀಳಿಗೆಯೂ ಆ ಹುಲ್ಲಿನ ಜೊತೆಗೇ ಹೋಗುತ್ತದೆ. ಸಮುದ್ರಮಟ್ಟ ಏರಿ ಈ ಜಾಗಗಳು ಮುಳುಗುವ ಭಯವಿರುವುದರಿಂದ, ಎತ್ತರದ ಒಳನಾಡಿನಲ್ಲಿ ಗಿಡ ನೆಟ್ಟು, ಕೋಲ್ಚೆಸ್ಟರ್ ಮೃಗಾಲಯದಲ್ಲಿ ಸಾಕಿದ ಪತಂಗಗಳನ್ನು ಅಲ್ಲಿ ಬಿಡುವ ಕೆಲಸವೂ ನಡೆದಿದೆ.

ಈ ಪತಂಗಕ್ಕೆ ಕಾನೂನಿನ ರಕ್ಷಣೆಯಿದೆ; ಪರವಾನಗಿ ಇಲ್ಲದೆ ಹಿಡಿಯುವಂತಿಲ್ಲ. ಫೋಟೋ ತೆಗೆದು, ಜಾಗ ಬರೆದಿಟ್ಟುಕೊಳ್ಳಿ. ಜುಲೈನಲ್ಲಿ ಮತ್ತೆ ಹೋಗಿ, ಏನನ್ನೂ ಅಗೆಯದೆ, ಗಿಡದ ಬುಡವನ್ನಷ್ಟೇ ನೋಡಿ: ಗರಗಸದ ಹೊಟ್ಟಿನಂತಹ ಪುಡಿ ಚೆಲ್ಲಿದ್ದರೆ ಒಳಗೆ ಮರಿ ಬೇರು ಕೊರೆಯುತ್ತಿದೆ ಎಂದರ್ಥ.